ಮಧುಮೇಹಿಯಲ್ಲಿ ಮೆಟಬಾಲಿಕ್ ಸಿಂಡ್ರೋಮ್: ಸೊಂಟದ ಅಳತೆಯ ಪರವಾಗಿ

1988ರ ಬ್ಯಾಂಟಿಂಗ್ ಉಪನ್ಯಾಸದಲ್ಲಿ ಜೆರಾಲ್ಡ್ ರೀವನ್ ಅವರು ಇನ್ಸುಲಿನ್ ಪ್ರತಿರೋಧದ ಜತೆಗೂಡಿ ಬರುವ ತೊಂದರೆಗಳ ಗುಂಪಿಗೆ 'ಸಿಂಡ್ರೋಮ್ ಎಕ್ಸ್' ಎಂದು ಹೆಸರಿಟ್ಟರು. ಆ ಗುಂಪಿನಲ್ಲಿ ಬೊಜ್ಜು ಇರಲಿಲ್ಲ. ಮುಂದೆ ಹಲವು ವ್ಯಾಖ್ಯೆಗಳು ಬಂದು, 2009ರ ಜಂಟಿ ಹೇಳಿಕೆಯಲ್ಲಿ ಒಮ್ಮತ ಮೂಡಿತು: ಸೊಂಟದ ಸುತ್ತಳತೆ, ಟ್ರೈಗ್ಲಿಸರೈಡ್, ಎಚ್‌ಡಿಎಲ್, ರಕ್ತದೊತ್ತಡ, ಉಪವಾಸದ ಸಕ್ಕರೆ, ಈ ಐದರಲ್ಲಿ ಯಾವ ಮೂರು ಕೆಟ್ಟಿದ್ದರೂ ಮೆಟಬಾಲಿಕ್ ಸಿಂಡ್ರೋಮ್. ದಕ್ಷಿಣ ಏಷ್ಯಾದವರಿಗೆ ಸೊಂಟದ ಮಿತಿ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80. ಇಷ್ಟರ ಬಗ್ಗೆ ತಕರಾರಿಲ್ಲ.

ತಕರಾರು ಇರುವುದು 2010ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ವರದಿಯ ಬಗ್ಗೆ. ಆ ವರದಿಯ ಪ್ರಕಾರ ಮೆಟಬಾಲಿಕ್ ಸಿಂಡ್ರೋಮ್ ಕಾಯಿಲೆಗೆ ಮುಂಚಿನ ಸ್ಥಿತಿ. ಈಗಾಗಲೇ ಮಧುಮೇಹ ಇರುವವರನ್ನು ಇದರಿಂದ ಹೊರಗಿಡಬೇಕು. ರೋಗನಿರ್ಣಯಕ್ಕಾಗಲಿ ಚಿಕಿತ್ಸೆಗಾಗಲಿ ಇದರ ಉಪಯೋಗ ಕಡಿಮೆ ಎಂದು ಆ ವರದಿ ಹೇಳಿತು. ರೋಗನಿರ್ಣಯದ ಮಟ್ಟಿಗೆ ಈ ಮಾತು ಸರಿ. ಮಧುಮೇಹಿಗೆ ಐದರಲ್ಲಿ ಒಂದು ಅಂಕ ಮೊದಲೇ ಸಿಕ್ಕಿರುತ್ತದೆ. ಉಳಿದ ನಾಲ್ಕರಲ್ಲಿ ಎರಡು ಸೇರಿದರೆ ಸಾಕು. ಬಹುಪಾಲು ರೋಗಿಗಳಿಗೆ ಅಂಟುವ ಹಣೆಪಟ್ಟಿ ಯಾರನ್ನೂ ಬೇರ್ಪಡಿಸಿ ತೋರಿಸಲಾರದು. ಆದರೆ ಚಿಕಿತ್ಸೆಗೂ ಉಪಯೋಗ ಕಡಿಮೆ ಎಂಬ ತೀರ್ಮಾನವನ್ನು, ಕನಿಷ್ಠ ನಮ್ಮ ರೋಗಿಗಳ ವಿಷಯದಲ್ಲಿ, ಒಪ್ಪುವುದು ಕಷ್ಟ.

ಉದಾಹರಣೆಗೆ ಮಧುಮೇಹವಿರುವ ಒಬ್ಬ ಗಂಡಸನ್ನು ಊಹಿಸಿಕೊಳ್ಳೋಣ. ಎತ್ತರ 168 ಸೆಂ.ಮೀ., ತೂಕ 63.5 ಕೆ.ಜಿ.; ಬಿಎಂಐ 22.5, ಅಂದರೆ ಭಾರತೀಯರ ಮಿತಿಯಾದ 23ರ ಒಳಗೆ. ಎಚ್‌ಬಿಎ1ಸಿ 7, ಎಲ್‌ಡಿಎಲ್ 92, ಬಿಪಿ 134/84. ಸಕ್ಕರೆಯನ್ನಷ್ಟೇ ನೋಡುವವರು 'ಪರವಾಗಿಲ್ಲ, ಇದೇ ಮಾತ್ರೆ ಮುಂದುವರಿಸಿ' ಎಂದು ಕಳಿಸಿಬಿಡಬಹುದು. ಅದೇ ಮನುಷ್ಯನ ಸೊಂಟ 93 ಸೆಂ.ಮೀ., ಟ್ರೈಗ್ಲಿಸರೈಡ್ 210, ಎಚ್‌ಡಿಎಲ್ 36. ಐದೂ ಕೆಟ್ಟಿವೆ. ತೆಳ್ಳಗೆ ಕಾಣುವ ಮೈಯಲ್ಲಿ ಕೊಬ್ಬು ಅಡಗಿರುವುದನ್ನು ಯಾಜ್ಞಿಕ್ ಮತ್ತು ಯುಡ್ಕಿನ್ 2004ರಲ್ಲಿ ತಮ್ಮ ದೇಹಗಳನ್ನೇ ಮುಂದಿಟ್ಟು ತೋರಿಸಿದ್ದರು: ಇಬ್ಬರ ಬಿಎಂಐಯೂ 22.3, ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇ. 9.1, ಭಾರತೀಯರಾದ ಯಾಜ್ಞಿಕ್ ಅವರಲ್ಲಿ ಶೇ. 21.2. 2023ರ ಐಸಿಎಂಆರ್-ಇಂಡಿಯಾಬ್ ವರದಿಯಲ್ಲಿ ಬಿಎಂಐ ಲೆಕ್ಕದ ಬೊಜ್ಜು ಶೇ. 28.6, ಹೊಟ್ಟೆಯ ಬೊಜ್ಜು ಶೇ. 39.5. ಇದು ಮಧುಮೇಹಿಗಳಷ್ಟೇ ಅಲ್ಲದೆ ಎಲ್ಲ ವಯಸ್ಕರ ಲೆಕ್ಕ ಎಂಬುದು ನಿಜ. ಆದರೂ ತಕ್ಕಡಿ ಬಿಟ್ಟದ್ದನ್ನು ಟೇಪು ಹಿಡಿಯುತ್ತದೆ ಎಂಬುದಕ್ಕೆ ಸಾಕ್ಷಿ.

ಹೀಗಾಗಿ ನನ್ನ ವಾದವಿಷ್ಟು: ಮಧುಮೇಹಿಯಲ್ಲಿ ಮೆಟಬಾಲಿಕ್ ಸಿಂಡ್ರೋಮ್ ಎಂಬ ಹೆಸರನ್ನು ಬಿಟ್ಟರೂ, ಅದರ ಐದು ಅಳತೆಗಳನ್ನು ಒಟ್ಟಿಗೆ ಓದುವ ಕ್ರಮವನ್ನು ಬಿಡಬಾರದು. ಡೆನ್ಮಾರ್ಕಿನ ಸ್ಟೆನೊ-2 ಅಧ್ಯಯನ ಇದಕ್ಕೆ ಒತ್ತಾಸೆ. ಸಕ್ಕರೆ, ಬಿಪಿ, ಕೊಬ್ಬಿನಂಶಗಳನ್ನು ಒಟ್ಟಿಗೇ ಬಿಗಿಯಾಗಿ ಹಿಡಿದಾಗ ಹೃದಯ-ರಕ್ತನಾಳದ ಅವಘಡಗಳು ಸುಮಾರು ಅರ್ಧಕ್ಕಿಳಿದವು. ಆದರೆ ಅಲ್ಲಿದ್ದವರು 160 ರೋಗಿಗಳು ಮಾತ್ರ. ಅವರನ್ನು ಆರಿಸಿದ್ದು ಮೂತ್ರದ ಆಲ್ಬುಮಿನ್ ನೋಡಿ, ಸೊಂಟ ನೋಡಿ ಅಲ್ಲ. ಇದಕ್ಕೆ ಎದುರಾಗಿ ಅಮೆರಿಕದ ಲುಕ್ ಅಹೆಡ್ ಅಧ್ಯಯನವಿದೆ. ಅಲ್ಲಿ 5,145 ಜನರ ಪೈಕಿ ತೀವ್ರ ಜೀವನಶೈಲಿ ಬದಲಾವಣೆಗೆ ಒಳಗಾದವರ ತೂಕ ಹೆಚ್ಚು ಇಳಿದರೂ ಹೃದಯಾಘಾತಗಳು ಕಡಿಮೆಯಾಗಲಿಲ್ಲ. ಆದ್ದರಿಂದ ಸೊಂಟ ಇಳಿಸುವುದೇ ಗುರಿ ಎನ್ನಲಾಗದು. ಸೊಂಟ ಎಚ್ಚರಿಕೆ ಕೊಡುತ್ತದೆ ಎನ್ನಬಹುದು. ಆ ಎಚ್ಚರಿಕೆ ಔಷಧಿಯ ಆಯ್ಕೆಗೂ ತಟ್ಟುತ್ತದೆ: ಸಲ್ಫೊನೈಲ್‌ಯೂರಿಯಾ ಮತ್ತು ಇನ್ಸುಲಿನ್ ತೂಕ ಏರಿಸುತ್ತವೆ, ಮೆಟ್‌ಫಾರ್ಮಿನ್ ಏರಿಸದು. ಪಯೊಗ್ಲಿಟಜೋನ್ ತೂಕ ಏರಿಸಿದರೂ ಯಕೃತ್ತಿನ ಕೊಬ್ಬನ್ನು ಕರಗಿಸುತ್ತದೆ. ತಕ್ಕಡಿಯೊಂದನ್ನೇ ನಂಬುವವರಿಗೆ ಇದು ಕಾಣದು.

ಅಳೆಯುವುದರಲ್ಲೂ ಶಿಸ್ತು ಬೇಕು. ಪಂಚೆಯ ಕಟ್ಟು, ಸೀರೆಯ ನೆರಿಗೆ ಸಡಿಲಿಸಿ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಅಂಚಿನ ನಡುಮಧ್ಯದಲ್ಲಿ, ಸಹಜವಾಗಿ ಉಸಿರು ಬಿಟ್ಟಾಗ ಅಳೆಯಬೇಕು.

ಬೊಜ್ಜಿಲ್ಲದ ಭಾರತೀಯ ಮಧುಮೇಹಿಗಳಲ್ಲಿ ಇಂಥ ಕ್ರಮ ಹೃದಯಾಘಾತವನ್ನು ನಿಜವಾಗಿ ತಗ್ಗಿಸುತ್ತದೆಯೇ ಎಂಬುದನ್ನು ಇಲ್ಲಿನ ರೋಗಿಗಳ ಮೇಲಿನ ದೀರ್ಘ ಅಧ್ಯಯನವೇ ಹೇಳಬೇಕು. ಅಲ್ಲಿಯವರೆಗೆ ಮಧುಮೇಹ ಚಿಕಿತ್ಸಾಲಯದ ಚೀಟಿಯಲ್ಲಿ ತೂಕದ ಪಕ್ಕದಲ್ಲೇ ಸೊಂಟದ ಅಳತೆಗೂ ಒಂದು ಕಾಲಂ ಇರಲಿ ಎಂಬುದು ವೈದ್ಯಮಿತ್ರರಲ್ಲಿ ನನ್ನ ಕೋರಿಕೆ.