ಬಿಳಿ ಬೂಷ್ಟಿನ ಬೆನ್ನು ಹತ್ತಿ

ಕಳೆದ ಬೇಸಿಗೆಯಲ್ಲಿ ನಮ್ಮ ಬಾಲ್ಕನಿಯ ದಾಸವಾಳದ ಚಿಗುರೆಲ್ಲ ಮುರುಟಿಕೊಂಡು, ಎಲೆಯ ಸಂದುಗಳಲ್ಲಿ ಹತ್ತಿ ಮೆತ್ತಿದಂತಾಯಿತು. ಮನೆಯವರೆಲ್ಲ ಅದನ್ನು ‘ಬಿಳಿ ಬೂಷ್ಟು’ ಅಂದರು. ಅದು ಬೂಷ್ಟಲ್ಲ, ಹುಳ. ಹಿಟ್ಟು ತಿಗಣೆ. ಇಯರ್‌ಬಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದನ್ನೇ ಒರೆಸುತ್ತ ಕೂತೆ. ಎರಡನೆಯ ದಿನ, ಮಿಕ್ಕವುಗಳ ಮೂರರಷ್ಟು ದೊಡ್ಡವು, ಮೈತುಂಬ ಬಿಳಿ ಜೂಲು ಬಿಟ್ಟವು, ನಾಲ್ಕೈದು ಕಣ್ಣಿಗೆ ಬಿದ್ದವು. ಈ ಸಂಸಾರದ ಅಜ್ಜಿಯರು ಇವೇ ಇರಬೇಕೆಂದು ಮೊದಲು ಅವನ್ನು ಮುಗಿಸಿದೆ. ವಾರ ಕಳೆದ ಮೇಲೆ ಒಂದು ಚಿತ್ರ ನೋಡಿದಾಗ ತಿಳಿಯಿತು, ನಾನು ಕೊಂದದ್ದು ಗುಲಗಂಜಿ ಹುಳದ ಮರಿಗಳನ್ನು. ಅವು ಬಂದದ್ದೇ ತಿಗಣೆ ತಿನ್ನಲು.

ಮನೆಗಿಡಗಳ ಕೀಟ ಓಡಿಸುವ ವಿದ್ಯೆಗೆ ಇನ್ನೂರು ವರ್ಷಗಳ ಇತಿಹಾಸವಿದೆ. ಅದನ್ನು ಓದುತ್ತ ಹೋದರೆ ನನಗೆ ಸಮಾಧಾನವಾಗುತ್ತದೆ. ಇದೇ ತಪ್ಪನ್ನು ನನಗಿಂತ ತಿಳಿದವರು, ನನ್ನ ಬಾಲ್ಕನಿಗಿಂತ ದೊಡ್ಡ ತೋಟಗಳಲ್ಲಿ, ಮತ್ತೆ ಮತ್ತೆ ಮಾಡಿದ್ದಾರೆ.

ಹಿಟ್ಟು ತಿಗಣೆಯನ್ನು ಮೊಂಡ ಅನ್ನುವುದಕ್ಕೆ ಕಾರಣ ಅದರ ಬಲವಲ್ಲ. ದೊಡ್ಡ ಹೆಣ್ಣು ಮೂರು ನಾಲ್ಕು ಮಿಲಿಮೀಟರ್ ಉದ್ದ, ಮೆತ್ತನೆಯ ಮೈ, ಉಗುರು ತಾಗಿದರೆ ಸಾಯುತ್ತದೆ. ಆದರೆ ಮೈಮೇಲೆ ಮೇಣದ ಪುಡಿ ಇರುತ್ತದೆ, ನೀರು ಅದರ ಮೇಲೆ ಕೆಸುವಿನೆಲೆಯ ಹನಿಯಂತೆ ಜಾರಿಹೋಗುತ್ತದೆ. ಮೊಟ್ಟೆಗಳನ್ನು ಹತ್ತಿಯಂಥ ಚೀಲದೊಳಗೆ ಇಡುತ್ತದೆ, ಒಂದೊಂದು ಚೀಲದಲ್ಲೂ ನೂರಾರು. ಕೂರುವ ಜಾಗವೋ ಎಲೆ ಕಾಂಡಕ್ಕೆ ಕೂಡುವ ಸಂದು, ತೊಗಟೆಯ ಬಿರುಕು, ಕೆಲವು ಜಾತಿಗಳಿಗೆ ಮಣ್ಣೊಳಗಿನ ಬೇರು. ಸಾಲದ್ದಕ್ಕೆ ಇರುವೆಗಳ ಕಾವಲು ಬೇರೆ. ತಿಗಣೆ ರಸ ಹೀರಿ ಹೊರಗೆ ಬಿಡುವ ಸಿಹಿ ಅಂಟಿನ ಆಸೆಗೆ ಇರುವೆ ಅದನ್ನು ಹಸು ಸಾಕಿದಂತೆ ಸಾಕುತ್ತದೆ, ತಿನ್ನಲು ಬಂದವರನ್ನು ಕಚ್ಚಿ ಅಟ್ಟುತ್ತದೆ.

ಹಳೆಯ ಕಾಲದವರಿಗೆ ಗೊತ್ತಿದ್ದದ್ದು ಹೊಗೆ ಮತ್ತು ಬೂದಿ. ಸುರಪಾಲನ ವೃಕ್ಷಾಯುರ್ವೇದದಲ್ಲಿ ಸಾಸಿವೆ, ವಾಯುವಿಳಂಗಗಳ ಹೊಗೆ ಹಾಕುವ ಮಾತು ಬರುತ್ತದೆ. ಕನ್ನಡದಲ್ಲೂ 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದದ ಭಾಗವೊಂದಿದೆ. ಅವೆಲ್ಲ ತೋಟದ ಮರಗಳಿಗೆ ಹೇಳಿದ ಮಾತು. ಗಿಡ ಮನೆಯೊಳಕ್ಕೆ ಬಂದು ಸೋಫಾದ ಪಕ್ಕ ಕೂತದ್ದು ಬಹಳ ಈಚೆಗೆ.

ಅದಕ್ಕೆ ಕಾರಣವಾದವನು ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್. 1829ರ ಸುಮಾರಿಗೆ ಅವನು ಪತಂಗದ ಗೂಡೊಂದನ್ನು ಒದ್ದೆ ಮಣ್ಣಿನೊಂದಿಗೆ ಮುಚ್ಚಳದ ಸೀಸೆಯಲ್ಲಿಟ್ಟು ಕಾಯುತ್ತಿದ್ದ. ನಗರದ ಹೊಗೆಗೆ ಅವನ ಅಂಗಳದಲ್ಲಿ ಬದುಕದ ಜರೀಗಿಡ ಆ ಸೀಸೆಯೊಳಗೆ ತಾನಾಗಿ ಚಿಗುರಿತು. ಅಲ್ಲಿಂದ ಗಾಜಿನ ಪೆಟ್ಟಿಗೆಗಳು ಹುಟ್ಟಿದವು. 1833ರಲ್ಲಿ ಅಂಥ ಪೆಟ್ಟಿಗೆಗಳಲ್ಲಿ ಲಂಡನ್ನಿನಿಂದ ಹೊರಟ ಗಿಡಗಳು ಸಿಡ್ನಿಗೆ ಜೀವಂತ ಮುಟ್ಟಿದವು. ಗಿಡದ ಜೊತೆಗೆ ಅದರ ಕೀಟವೂ ಟಿಕೆಟ್ಟಿಲ್ಲದೆ ಹಡಗು ಹತ್ತಿತು. ಆ ಕೀಟವನ್ನು ತಿನ್ನುವವರು ಊರಲ್ಲೇ ಉಳಿದರು. ಗಾಜಿನ ಮನೆಯೊಳಗೆ ಬೆಚ್ಚಗೆ, ಮಳೆಯ ಹೊಡೆತವಿಲ್ಲ, ಶತ್ರುವಿಲ್ಲ. ತಿಗಣೆಗೆ ಇನ್ನೇನು ಬೇಕು? ಇಂದಿನ ಫ್ಲಾಟಿನ ಹಾಲು ಕೂಡ ಅಂಥದೇ ಗಾಜಿನ ಮನೆ.

ಹತ್ತೊಂಬತ್ತನೆಯ ಶತಮಾನದ ತೋಟಗಾರರು ಗಾಜಿನ ಮನೆಯ ಬಾಗಿಲು ಮುಚ್ಚಿ ತಂಬಾಕಿನ ಹೊಗೆ ಹಾಕಿದರು, ತಿಮಿಂಗಿಲದ ಎಣ್ಣೆಯ ಸೋಪು ಬಳಿದರು. 1880ರ ಹೊತ್ತಿಗೆ ಅಮೆರಿಕದಲ್ಲಿ ಸೀಮೆಎಣ್ಣೆಯ ಸರದಿ. ಕುದಿಯುವ ಸೋಪಿನ ನೀರಿಗೆ ಸೀಮೆಎಣ್ಣೆ ಸುರಿದು ಮಜ್ಜಿಗೆಯಂತೆ ಕಡೆದು, ಮತ್ತೆ ನೀರು ಬೆರೆಸಿ ಸಿಂಪಡಿಸುತ್ತಿದ್ದರು. ಹದ ತಪ್ಪಿದರೆ ಹುಳದ ಜೊತೆ ಎಲೆಯೂ ಸುಟ್ಟುಹೋಗುತ್ತಿತ್ತು.

ಆ ಕಾಲಕ್ಕೇ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳಲ್ಲಿ ತಿಗಣೆಯ ದಾಯಾದಿಯೊಂದು ಎದ್ದಿತ್ತು. ಬೆನ್ನಮೇಲೆ ಬಿಳಿ ದಿಂಬು ಹೊತ್ತ ಈ ಶಲ್ಕ ಕೀಟ ಆಸ್ಟ್ರೇಲಿಯಾದ್ದು. ಕೀಟಶಾಸ್ತ್ರಜ್ಞ ಚಾರ್ಲ್ಸ್ ರೈಲಿಯ ಯೋಚನೆ ಸರಳ: ಇದರ ತವರಿನಲ್ಲಿ ಇದನ್ನು ಹಿಡಿತದಲ್ಲಿಟ್ಟದ್ದು ಯಾವುದು? 1888ರಲ್ಲಿ ಅವನು ಕಳಿಸಿದ ಆಲ್ಬರ್ಟ್ ಕೋಬೆಲೆ ಅದನ್ನು ಹುಡುಕಲು ಆಸ್ಟ್ರೇಲಿಯಾಕ್ಕೆ ಹೋದ. ಅಲ್ಲಿಂದ ಮೊದಲ ಮೂರು ಕಂತುಗಳಲ್ಲಿ ಬಂದ ವೆಡೇಲಿಯಾ ಗುಲಗಂಜಿ ಹುಳಗಳು ಒಟ್ಟು 129. ಡೇರೆ ಮುಚ್ಚಿದ ಕಿತ್ತಳೆ ಮರದಲ್ಲಿ ಅವನ್ನು ಬಿಟ್ಟರು. ಒಂದೆರಡು ವರ್ಷದಲ್ಲಿ ಕಿತ್ತಳೆ ಉದ್ಯಮವೇ ಉಳಿಯಿತು.

ಕೋಬೆಲೆ 1891-92ರಲ್ಲಿ ಮತ್ತೆ ಹೋಗಿ ತಂದದ್ದು ಕ್ರಿಪ್ಟೋಲೀಮಸ್ ಮಾಂಟ್ರೂಜಿಯೇರಿ, ಹಿಟ್ಟು ತಿಗಣೆಯನ್ನೇ ತಿನ್ನುವ ಗುಲಗಂಜಿ. ಕಪ್ಪು ಬೆನ್ನು, ಕಿತ್ತಳೆ ತಲೆ, ಹಿಂದೆ ಅದೇ ಬಣ್ಣದ ತುದಿ. 1898ರಲ್ಲಿ ನ್ಯೂಪೋರ್ಟ್ ಎಂಬವರು ಇದನ್ನು ದಕ್ಷಿಣ ಭಾರತಕ್ಕೆ ತರಿಸಿದರು, ಕಾಫಿಯ ಹಸಿರು ಶಲ್ಕ ಕೀಟಕ್ಕೆಂದು. ಆ ಕೆಲಸ ಅದು ಮಾಡಲಿಲ್ಲ. ಆದರೆ ಇಲ್ಲೇ ಉಳಿದುಕೊಂಡು, ದ್ರಾಕ್ಷಿ, ಸೀಬೆ, ಕಾಫಿ, ಹೂಗಿಡಗಳ ಹಿಟ್ಟು ತಿಗಣೆಗೆ ಬಾಯಿ ಹಾಕಿತು. ಇದರ ಮರಿ ತಿಗಣೆಯ ನಡುವೆ ತಿಗಣೆಯಂತೆಯೇ ಬಿಳಿ ಮೇಣ ಹೊದ್ದು ಓಡಾಡುತ್ತದೆ, ಇರುವೆಯ ಕಣ್ಣು ತಪ್ಪಿಸಲು ಆ ವೇಷ. ತಿಗಣೆ ನಿಂತಲ್ಲೇ ಇರುತ್ತದೆ, ಈ ಮರಿ ಚುರುಕಾಗಿ ನಡೆಯುತ್ತದೆ, ವ್ಯತ್ಯಾಸ ಅಷ್ಟೇ. ಇರುವೆಯ ಕಣ್ಣಿಗೇ ಮಣ್ಣೆರಚಿದ ವೇಷಕ್ಕೆ ನಾನು ಮೋಸ ಹೋದದ್ದು ದೊಡ್ಡದಲ್ಲ.

ಈ ಗುಲಗಂಜಿಯನ್ನು ಸಾಕುವ ರೀತಿ ನೋಡಬೇಕಾದದ್ದು. ಕ್ಯಾಲಿಫೋರ್ನಿಯಾದಲ್ಲಿ ಮೊಳೆತ ಆಲೂಗಡ್ಡೆಯ ಮೇಲೆ ತಿಗಣೆ ಬೆಳೆಸಿ ಅದರ ಮೇಲೆ ಹುಳ ಬಿಡುತ್ತಿದ್ದರು. ನಮ್ಮಲ್ಲಿ ಸಿಹಿಗುಂಬಳ. ಗೀರುಬರೆಯಿಲ್ಲದ, ತೊಟ್ಟಿರುವ, ಏಣು ಎದ್ದ ಕಾಯಿಗಳನ್ನು ತೊಳೆದು ಸಾಲಾಗಿಟ್ಟು ತಿಗಣೆ ಹಚ್ಚುತ್ತಾರೆ. ಕೆಲವು ವಾರಗಳಲ್ಲಿ ಕುಂಬಳದ ಏಣುಗಳ ನಡುವೆಲ್ಲ ಹಿಟ್ಟು ಸುರಿದಂತೆ ಬೆಳ್ಳಗಾಗುತ್ತದೆ. ಆಗ ಗುಲಗಂಜಿ ಹುಳಗಳನ್ನು ಬಿಟ್ಟರೆ ಅವು ತಿಗಣೆಯ ಮೊಟ್ಟೆಚೀಲದೊಳಗೇ ತಮ್ಮ ಮೊಟ್ಟೆ ಸೇರಿಸುತ್ತವೆ. ಕೋಟಿಗಟ್ಟಲೆ ಖರ್ಚಿನ ವಿಷಕ್ಕೆ ಎದುರು ನಿಂತದ್ದು ಪಲ್ಯದ ಕಾಯಿ.

ಇಂಗ್ಲೆಂಡಿನ ಗಾಜಿನ ಮನೆಗಳಲ್ಲೂ ಇದೇ ದಾರಿ ತೆರೆದಿತ್ತು. 1926ರಲ್ಲಿ ಹರ್ಟ್‌ಫರ್ಡ್‌ಶೈರಿನ ತೋಟಗಾರನೊಬ್ಬನಿಗೆ ಟೊಮೇಟೊ ಎಲೆಯಡಿ ಬಿಳಿ ನೊಣದ ಮರಿಗಳ ನಡುವೆ ಕೆಲವು ಕಪ್ಪಗಾಗಿದ್ದದ್ದು ಕಂಡಿತು. ಅವುಗಳೊಳಗೆ ಎನ್‌ಕಾರ್ಸಿಯಾ ಎಂಬ ಪುಟ್ಟ ಕಣಜ ಬೆಳೆಯುತ್ತಿತ್ತು. ಚೆಷಂಟ್ ಸಂಶೋಧನಾ ಕೇಂದ್ರ ಅದನ್ನು ಬೆಳೆಸಿ ತೋಟಗಳಿಗೆ ಹಂಚಿತು.

ಅಷ್ಟರಲ್ಲಿ ಡಿಡಿಟಿ ಬಂತು. 1939ರಲ್ಲಿ ಪಾಲ್ ಮುಲ್ಲರ್ ಅದರ ಕೀಟ ಕೊಲ್ಲುವ ಗುಣ ಕಂಡುಹಿಡಿದ, 1948ರಲ್ಲಿ ಅವನಿಗೆ ನೊಬೆಲ್ ಬಂತು. ಎನ್‌ಕಾರ್ಸಿಯಾವನ್ನು ಕೇಳುವವರಿಲ್ಲದೆ ಹೋಯಿತು. 1946-47ರಲ್ಲಿ ಕ್ಯಾಲಿಫೋರ್ನಿಯಾದ ಕಿತ್ತಳೆ ಬೆಳೆಗಾರರು ಡಿಡಿಟಿ ಹೊಡೆದರು. ಸತ್ತದ್ದು ವೆಡೇಲಿಯಾ, ಅರ್ಧ ಶತಮಾನ ತಲೆಯೆತ್ತದ ಶಲ್ಕ ಕೀಟ ಮರಳಿ ಬಂತು. ಬೆಳೆಗಾರರು ಹುಳಗಳನ್ನು ಮತ್ತೆ ಹುಡುಕಿ ತಂದು ಬಿಡಬೇಕಾಯಿತು. ನನ್ನ ಇಯರ್‌ಬಡ್ಡು ಮಾಡಿದ್ದೂ ಡಿಡಿಟಿ ಮಾಡಿದ್ದನ್ನೇ. 1959ರಲ್ಲಿ ಸ್ಟರ್ನ್ ಮತ್ತು ಸಂಗಡಿಗರು ವಿಷವನ್ನೂ ಮಿತ್ರಕೀಟಗಳನ್ನೂ ಹೊಂದಿಸಿ ಬಳಸುವ ಸಮಗ್ರ ನಿಯಂತ್ರಣ ಎಂಬ ವಿಚಾರ ಮಂಡಿಸಿದ್ದು ಇಂಥ ಪೆಟ್ಟು ತಿಂದ ಮೇಲೆ.

ಆಮೇಲೆ ಬಂದವು ಗಿಡದ ರಸದಲ್ಲೇ ಸೇರಿಕೊಳ್ಳುವ ಅಂತರ್ವ್ಯಾಪಿ ವಿಷಗಳು. ಮೇಣ, ಸಂದು, ಚೀಲ ಯಾವುದೂ ಇವಕ್ಕೆ ಅಡ್ಡಿಯಲ್ಲ, ಹೀರಿದ ಹುಳ ಸಾಯುತ್ತದೆ. 1991ರಲ್ಲಿ ಮಾರುಕಟ್ಟೆಗೆ ಬಂದ ಇಮಿಡಾಕ್ಲೋಪ್ರಿಡ್ ಈ ಸಾಲಿನ ದೊಡ್ಡ ಹೆಸರು. ಜೇನಿಗೆ ಕೆಡುಕೆಂದು 2018ರಲ್ಲಿ ಯುರೋಪಿಯನ್ ಒಕ್ಕೂಟ ಅದರ ಬಯಲು ಬಳಕೆಯನ್ನು ನಿಷೇಧಿಸಿತು. ನರ್ಸರಿಗಳಲ್ಲಿ ‘ಒಂದ್ ಕ್ಯಾಪ್ ಹಾಕಿ, ಮೇಡಂ’ ಎಂದು ಕೊಡುವ ಸೀಸೆಗಳಲ್ಲಿ ಇಂಥವೇ ಹೆಚ್ಚು. ಕೆಲಸ ಮಾಡುವುದಿಲ್ಲ ಅನ್ನಲಾರೆ, ಚೆನ್ನಾಗಿಯೇ ಮಾಡುತ್ತವೆ. ಆದರೆ ನಮ್ಮ ದಾಸವಾಳದ ಹೂವು ಬೆಳಿಗ್ಗೆ ದೇವರ ಪಟಕ್ಕೆ ಹೋಗುತ್ತದೆ, ಎಲೆ ಭಾನುವಾರ ತಲೆಗೆ ಗೊಂಪಾಗುತ್ತದೆ, ನಡುವೆ ಸೂರಕ್ಕಿ ಬಂದು ಮಕರಂದ ಕುಡಿಯುತ್ತದೆ. ಪಕ್ಕದ ಕುಂಡದಲ್ಲಿ ತಂಬುಳಿಯ ದೊಡ್ಡಪತ್ರೆ. ಇದರ ನಡುವೆ ಆ ಸೀಸೆ ತೆರೆಯಲು ನನಗೆ ಕೈ ಬರಲಿಲ್ಲ.

ಬೇವಿನ ಕಥೆ ನಮ್ಮದು, ಅದಕ್ಕೇ ಸ್ವಲ್ಪ ಉತ್ಪ್ರೇಕ್ಷೆಯೂ ಸೇರಿದೆ. 1959ರಲ್ಲಿ ಸುಡಾನಿನಲ್ಲಿ ಮಿಡತೆ ದಂಡು ಎಲ್ಲವನ್ನೂ ಮೇಯ್ದು ಬೇವನ್ನು ಮಾತ್ರ ಬಿಟ್ಟದ್ದನ್ನು ಜರ್ಮನಿಯ ಕೀಟಶಾಸ್ತ್ರಜ್ಞ ಶ್ಮುಟೆರರ್ ಗಮನಿಸಿದ. 1962ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜದ ನೀರಿಗೆ ಮಿಡತೆ ಹಿಂಜರಿಯುವುದನ್ನು ತೋರಿಸಿದರು. 1968ರಲ್ಲಿ ಬೇವಿನ ಬೀಜದ ಸಾರವಾದ ಅಜಾಡಿರಾಕ್ಟಿನ್ ಬೇರ್ಪಟ್ಟಿತು. ಅದರ ರಚನೆ ಎಷ್ಟು ಗೋಜಲೆಂದರೆ ಪ್ರಯೋಗಾಲಯದಲ್ಲಿ ಪೂರ್ತಿ ಕಟ್ಟಲು ಕೇಂಬ್ರಿಜ್ಜಿನ ಸ್ಟೀವನ್ ಲೇ ತಂಡಕ್ಕೆ 22 ವರ್ಷ ಹಿಡಿಯಿತು, ಮುಗಿದದ್ದು 2007ರಲ್ಲಿ. ಬೇವು ಹೊಡೆದ ತಕ್ಷಣ ಕೊಲ್ಲುವ ಮದ್ದಲ್ಲ, ಹಸಿವು ಕೆಡಿಸುತ್ತದೆ, ಪೊರೆ ಕಳಚಲು ಬಿಡುವುದಿಲ್ಲ. ಸಂಜೆ ಸಿಂಪಡಿಸಿ ಮರುದಿನ ಬೆಳಿಗ್ಗೆ ಹುಳ ಇನ್ನೂ ಇದೆಯೆಂದು ಬೈಯುವವರು ಇದನ್ನು ತಿಳಿದಿರುವುದಿಲ್ಲ. ಬಿಸಿಲಿಗೆ ಅದು ಬೇಗ ಹಾಳಾಗುತ್ತದೆ ಕೂಡ.

ಸೋಪಿನ ಮಾತು ಬೇರೆ. ಅದು ಮೇಣ ಕರಗಿಸಿ, ಮೈಚರ್ಮ ಕೆಡಿಸಿ ಆಗಲೇ ಕೊಲ್ಲುತ್ತದೆ, ಒಣಗಿದ ಮೇಲೆ ಅದಕ್ಕೆ ಬಲವಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೇವು, ಹೊಂಗೆ ಎಣ್ಣೆಗಳಿಂದಲೇ ಸೋಪು ಮಾಡಿ ಎರಡು ಗುಣವನ್ನೂ ಒಂದೇ ಬಿಲ್ಲೆಗೆ ತಂದಿತು. ಬೆಂಗಳೂರಿನವರಿಗೆ ಒಂದು ಕಿವಿಮಾತು: ಬೋರ್‌ವೆಲ್ ನೀರಿನಲ್ಲಿ ಕಲಸಬೇಡಿ. ಗಡಸು ನೀರಿನ ಸುಣ್ಣದಂಶ ಸೋಪನ್ನು ಹಿಡಿದು ಬಿಳಿ ಗಸಿಯಾಗಿಸುತ್ತದೆ, ಸಿಂಪಡಿಸಿದ್ದೆಲ್ಲ ದಂಡ. ಮಳೆನೀರಾದರೆ ಸರಿ. ಪಾತ್ರೆ ತೊಳೆಯುವ ದ್ರವ ಸೋಪಲ್ಲ, ಡಿಟರ್ಜೆಂಟು, ಅದು ಎಲೆಯ ಮೇಣವನ್ನೂ ಕಿತ್ತು ತೆಗೆಯುತ್ತದೆ.

ಈ ಶತಮಾನದ ದೊಡ್ಡ ಪಾಠ ಪಪ್ಪಾಯಿಯದು. ಮೆಕ್ಸಿಕೊ ಕಡೆಯ ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡಿತು. ಪಪ್ಪಾಯಿ, ದಾಸವಾಳ, ಕ್ರೋಟನ್ ಜೊತೆಗೆ ಹಿಪ್ಪುನೇರಳೆಗೂ ಹತ್ತಿತು. ಹಿಪ್ಪುನೇರಳೆಗೆ ವಿಷ ಹೊಡೆದರೆ ರೇಷ್ಮೆ ಹುಳುವೇ ಸಾಯುತ್ತದೆ, ರೈತರಿಗೆ ಬೇರೆ ದಾರಿ ಇರಲಿಲ್ಲ. 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಪುಟ್ಟ ಕಣಜಗಳು ಬೆಂಗಳೂರಿನ ಹೆಬ್ಬಾಳಕ್ಕೆ, ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎನಿಸಿಕೊಂಡ ಸಂಸ್ಥೆಗೆ ಬಂದವು. ಅವುಗಳಲ್ಲಿ ಅಸಿರೊಫೇಗಸ್ ಪಪಾಯೆ ಎಂಬುದು ಎಷ್ಟು ಚೆನ್ನಾಗಿ ಹರಡಿತೆಂದರೆ ಆ ತಿಗಣೆಯ ಹಾವಳಿ ತಣ್ಣಗಾಯಿತು.

ಮನೆಯೊಳಗಿನ ಕುಂಡಕ್ಕೆ ಹುಳದ ಮೇಲೆ ಹುಳ ಬಿಡುವ ಈ ವಿದ್ಯೆ ಪೂರ್ತಿ ಇಳಿಯುವುದಿಲ್ಲ. ಗುಲಗಂಜಿ ಹುಳ ಬಿಟ್ಟರೆ ಕಿಟಕಿಯ ಬೆಳಕಿಗೆ ಹಾರಿ ಗಾಜಿಗೆ ಬಡಿದುಕೊಂಡು ಸಾಯುತ್ತದೆ. ಕೋಕೋಪೀಟಿನ ಕುಂಡದಿಂದ ಏಳುವ ಸಣ್ಣ ಕಪ್ಪು ನೊಣಕ್ಕೆ ಮಾತ್ರ 1976ರಲ್ಲಿ ನೆಗೆವ್ ಮರುಭೂಮಿಯಲ್ಲಿ ಸಿಕ್ಕ ಬ್ಯಾಸಿಲಸ್ ಜಾತಿ ಒಳ್ಳೆಯ ಮದ್ದಾಗಿದೆ, ನೀರಿನ ಜೊತೆ ಹಾಕಿದರೆ ಮಣ್ಣೊಳಗಿನ ಮರಿ ಸಾಯುತ್ತದೆ. ತಿಗಣೆಗೆ ಅಂಥ ಸುಲಭದ ದಾರಿ ಇನ್ನೂ ಇಲ್ಲ. ಹಾಗಾಗಿ ಕೈ, ಸೋಪು, ವಾರಕ್ಕೊಮ್ಮೆಯಂತೆ ನಾಲ್ಕು ಸಲ, ಚೀಲದೊಳಗಿನ ಮೊಟ್ಟೆಗಳೆಲ್ಲ ಒಡೆದು ಮುಗಿಯುವವರೆಗೆ.

ಈಗ ದಾಸವಾಳದ ಕುಂಡವನ್ನು ಇಟ್ಟಿಗೆಯ ಮೇಲೆ ಕೂರಿಸಿ, ಇಟ್ಟಿಗೆಯನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟಿದ್ದೇನೆ, ಅಮ್ಮ ಬೆಲ್ಲದ ಡಬ್ಬಿ ಇಡುತ್ತಿದ್ದ ಹಾಗೆ. ಇರುವೆಗಳು ತಟ್ಟೆಯ ಅಂಚಿಗೆ ಬಂದು ಮೀಸೆ ಆಡಿಸಿ ತಿರುಗಿ ಹೋಗುತ್ತವೆ. ಮೊನ್ನೆ ಮೂರನೆಯ ಗಣ್ಣಿನಲ್ಲಿ ಬಿಳಿ ಜೂಲಿನ ಹುಳವೊಂದು ಕಂಡಿತು. ಇಯರ್‌ಬಡ್ಡು ಕೈಯಲ್ಲೇ ಇತ್ತು. ಒಂದು ನಿಮಿಷ ಕಾದೆ, ಅದು ನಡೆಯಿತು.