ವಚನಕ್ಕೆ ಕೂಡಿಬಂದ ಕಾಲ

ಬಸವಣ್ಣನವರ ಹುಟ್ಟೂರು ಬಾಗೇವಾಡಿ ವಿಜಯಪುರ ಜಿಲ್ಲೆಯದೇ. ಇಂದು ತಿಕೋಟಾ, ಬಬಲೇಶ್ವರದ ಶಾಲಾ ಮಕ್ಕಳು ಪಠ್ಯದಲ್ಲಿಯೇ ವಚನಗಳನ್ನು ಓದುತ್ತಾರೆ. ಹೀಗಾಗಿ 12ನೆಯ ಶತಮಾನದಿಂದ ಅವು ಒಂದೇ ಸಮನೆ ಓದಿಸಿಕೊಂಡು ಬಂದಿವೆ ಎಂಬ ಭಾವನೆ ನಮ್ಮಲ್ಲಿದೆ. ವಾಸ್ತವ ಹಾಗಿಲ್ಲ.

15ನೆಯ ಶತಮಾನದಲ್ಲಿ, ವಿಜಯನಗರದ ಆಶ್ರಯದಲ್ಲಿ, ವೀರಶೈವ ವಿದ್ವಾಂಸರು ವಚನಗಳನ್ನು ಸಂಕಲಿಸಿದರು. ಅವರಿಗೆ ಬೇಕಾಗಿದ್ದುದು ಷಟ್‌ಸ್ಥಲ ಸಿದ್ಧಾಂತ. ಶಿವಗಣಪ್ರಸಾದಿ ಮಹಾದೇವಯ್ಯನ 'ಶೂನ್ಯಸಂಪಾದನೆ'ಯಲ್ಲಿ ಬಿಡಿ ವಚನಗಳು ಶರಣರ ಸಂವಾದವಾಗಿ ಜೋಡಣೆಗೊಂಡವು. ಮುಂದೆ ಎಷ್ಟೋ ತಾಡೋಲೆಗಳು ಮಠ, ಮನೆಗಳ ಗಂಟುಗಳಲ್ಲಿ ಉಳಿದವು. ಓದಿಗಿಂತ ಪೂಜೆಯೇ ಹೆಚ್ಚಾಗಿ ನಡೆದಿರಬೇಕು.

1904ರಲ್ಲಿ ವಕೀಲಿ ವೃತ್ತಿಗೆಂದು ವಿಜಾಪುರಕ್ಕೆ ಬಂದ ಫ.ಗು. ಹಳಕಟ್ಟಿಯವರು ಈ ಗಂಟುಗಳನ್ನು ಬಿಚ್ಚಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬಂತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ 'ಶಿವಾನುಭವ' ಪತ್ರಿಕೆ. ಅಚ್ಚುಕೂಟಕ್ಕಾಗಿ ಮನೆಯನ್ನೇ ಮಾರಿದವರು ಅವರು. ಶೀರ್ಷಿಕೆಯ 'ಶಾಸ್ತ್ರ' ಎಂಬ ಪದವನ್ನು ಗಮನಿಸಬೇಕು. ಪ್ರತಿಯೊಂದು ಸಮುದಾಯವೂ ತನ್ನ ಧರ್ಮಗ್ರಂಥವನ್ನು ಮುಂದಿಟ್ಟು ಮಾತನಾಡುತ್ತಿದ್ದ ದಿನಗಳವು. ಮುಂಬಯಿ ಪ್ರಾಂತದ ಕನ್ನಡಿಗರಲ್ಲಿ ಏಕೀಕರಣದ ಹಂಬಲವೂ ಬಲಿಯುತ್ತಿತ್ತು. ಅಚ್ಚು, ಅಕ್ಷರಸ್ಥ ಓದುಗ, ಸ್ವಾಭಿಮಾನ ಮೂರೂ ಒಟ್ಟಿಗೆ ಒದಗಿದ್ದವು. ಐವತ್ತು ವರ್ಷ ಮೊದಲೇ ಇದೇ ಕಟ್ಟು ಸಿಕ್ಕಿದ್ದರೆ ಇಷ್ಟು ಸದ್ದು ಮಾಡುತ್ತಿರಲಿಲ್ಲವೆಂದು ನನ್ನ ಅನಿಸಿಕೆ.

ಕೃತಿಯ ಗುಣವೊಂದೇ ಸಾಲದೆಂಬುದಕ್ಕೆ ಜಪಾನಿನ ವಿಡಿಯೋ ಗೇಮೂ ಸಾಕ್ಷಿ. 1986ರಲ್ಲಿ ಹೊರಬಂದ 'ಡ್ರ್ಯಾಗನ್ ಕ್ವೆಸ್ಟ್' ಅಲ್ಲಿ ಮನೆಮಾತಾಯಿತು. ಬೇರೆ ಹೆಸರಿನಲ್ಲಿ 1989ರಲ್ಲಿ ಅಮೆರಿಕ ತಲುಪುವ ಹೊತ್ತಿಗೆ ಅದರ ಚಿತ್ರಗಳು ಹಳತಾಗಿದ್ದವು. ಕೊನೆಗೆ ಪತ್ರಿಕೆಯೊಂದರ ಚಂದಾದಾರರಿಗೆ ಪುಕ್ಕಟೆಯಾಗಿ ಹಂಚಬೇಕಾಯಿತು!

ವಚನಗಳ ಕಡಲಾಚೆಯ ಪಯಣಕ್ಕೆ ಮಾತ್ರ ಗಳಿಗೆ ಚೆನ್ನಾಗಿತ್ತು. ಎ.ಕೆ. ರಾಮಾನುಜನ್ ಅವರ 'ಸ್ಪೀಕಿಂಗ್ ಆಫ್ ಶಿವ' 1973ರಲ್ಲಿ ಪೆಂಗ್ವಿನ್ ಮೂಲಕ ಪ್ರಕಟವಾಯಿತು. ಅಮೆರಿಕದ ಯುವಜನರು ಗುಡಿ, ಪುರೋಹಿತರಿಲ್ಲದ ಅಧ್ಯಾತ್ಮವನ್ನು ಅರಸುತ್ತಿದ್ದ ಕಾಲ. ಹಳಕಟ್ಟಿಯವರಿಗೆ ಶಾಸ್ತ್ರವಾಗಿದ್ದುದು ಅಲ್ಲಿ ಭಾವಗೀತೆಯಾಯಿತು. ಕೂಡಲಸಂಗಮದೇವನೆಂಬ ಅಂಕಿತವನ್ನೂ ರಾಮಾನುಜನ್ ನದಿಗಳು ಕೂಡುವೆಡೆಯ ಒಡೆಯ ಎಂಬರ್ಥದಲ್ಲಿ ಬಿಡಿಸಿಟ್ಟರು. ಷಿಕಾಗೋದ ಓದುಗನಿಗೆ ಅದೊಂದು ಸುಂದರ ಪ್ರತಿಮೆ. ನಮ್ಮವರಿಗೆ ಅದು ಕೃಷ್ಣಾ, ಮಲಪ್ರಭೆಯರು ಸೇರುವ, ಬಸ್ಸು ಹತ್ತಿ ಹೋಗಿಬರುವ ಊರು.