ಸ್ವರದ ತಲೆಯ ಮೇಲಿನ ಚುಕ್ಕೆ

ಹನುಮಸಾಗರದಂಥ ಊರಿನಲ್ಲಿ ಭಜನೆಯೆಂಬುದು ಶ್ರಾವಣದ ಸೋಮವಾರಗಳಿಗೆ ಮಾತ್ರ ಮೀಸಲಾದ ಸಂಗತಿಯಲ್ಲ. ಒಂದು ಪೇಟಿ, ಒಂದು ತಬಲಾ, ಎರಡು ಜೋಡಿ ತಾಳ ಇದ್ದರೆ ಯಾವ ಸಂಜೆಯೂ ಭಜನೆಗೆ ಒದಗುತ್ತದೆ. ಕೆಲವು ವರ್ಷಗಳ ಹಿಂದೆ ಇಲ್ಲಿನ ಭಜನೆಯ ಗೆಳೆಯರು ತೀರಿಹೋದ ತಮ್ಮ ಪೇಟಿ ಮಾಸ್ತರರ ನೋಟುಪುಸ್ತಕವನ್ನು ಅಚ್ಚು ಹಾಕಿಸಬೇಕೆಂದು ಮನಸ್ಸು ಮಾಡಿದರು. ಹಾಡಿನ ನುಡಿ ಕನ್ನಡದಲ್ಲಿತ್ತು; ಅದರ ಮೇಲಿನ ಸ್ವರಗಳು ಮಾತ್ರ ನಾಗರಿ ಅಕ್ಷರದಲ್ಲಿದ್ದವು. ಮಾಸ್ತರರು ಕಲಿತದ್ದು ಮರಾಠಿ, ಹಿಂದಿ ಪಾಠಪುಸ್ತಕಗಳಿಂದ. ಕೈಗೆ ಆ ರೂಢಿಯೇ ಬಂದಿತ್ತು. ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡ ಕಲಿಸುವವನಿಗೆ ಊರಿನವರು ಕೊಡುವ ಗೌರವ ಅದೊಂದೇ.

ಮೊದಲ ಕರಡು ಬಂದಾಗ ಅದರಲ್ಲಿ ‘ಮಂ ಪಂ ಧಂ ನಿಂ’ ಎಂದಿತ್ತು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಇಣಿಕಿ ನೋಡಿ, “ಇದೇನ್ರೀ ಸರ, ಮಂತ್ರ ಅಚ್ಚ ಹಾಕ್ಯಾರೇನು?” ಎಂದರು. ಅಕ್ಷರ ಜೋಡಿಸಿದ ಹುಡುಗನದು ತಪ್ಪೆನ್ನುವಂತಿರಲಿಲ್ಲ. ನಾಗರಿಯಲ್ಲಿ ಅಕ್ಷರದ ತಲೆಯ ಮೇಲೆ ಚುಕ್ಕೆ ಕಂಡರೆ ಅದು ಅನುಸ್ವಾರ. ಕನ್ನಡದಲ್ಲಿ ಅನುಸ್ವಾರವೆಂದರೆ ಪಕ್ಕದ ಸೊನ್ನೆ. ಅವನು ಕಂಡದ್ದನ್ನು ನಿಷ್ಠೆಯಿಂದ ಕನ್ನಡಿಸಿದ್ದ. ನಾನು ಸೊನ್ನೆಗಳನ್ನೆಲ್ಲ ಹೊಡೆದು, ಕನ್ನಡ ಅಕ್ಷರಗಳ ತಲೆಯ ಮೇಲೆ ಚುಕ್ಕೆ ಇಡಿಸಿ, ಜಾಣತನ ಮಾಡಿದೆನೆಂದು ತಿಳಿದು ಕರಡನ್ನು ಕಳುಹಿಸಿದೆ.

ಪುಸ್ತಕ ಬಂತು. ಸಂಗೀತದ ಪರೀಕ್ಷೆಗೆ ಕಟ್ಟಿದ್ದ ತರುಣನೊಬ್ಬ ಅದನ್ನು ಮುಂದಿಟ್ಟುಕೊಂಡು ಹಾಡಲು ಕುಳಿತ. ಮೆಲ್ಲಗೆ ತಗ್ಗಿನಿಂದ ಏಳಬೇಕಾದ ಹಾಡು ತುತ್ತತುದಿಯಲ್ಲಿ ಆರಂಭವಾಯಿತು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವನ ಧ್ವನಿ ಒಡೆದು, ಪೇಟಿ ನಿಂತಿತು. “ನಮ್ಮ ಮಾಸ್ತರು ಹಿಂಗ ಒದರ್ತಿದ್ದಿಲ್ಲೋ ತಮ್ಮಾ” ಎಂದು ಅಜ್ಜಿಯೊಬ್ಬರು ಹೇಳಿದ ಮಾತು ಅವನಿಗಿಂತ ಹೆಚ್ಚಾಗಿ ನನಗೆ ತಾಗಿತು. ತಪ್ಪು ನನ್ನದಾಗಿತ್ತು.

ವಿಷಯ ಹೀಗಿದೆ. ನಮ್ಮ ಕಡೆಯ ಹಿಂದುಸ್ತಾನಿ ಸಂಗೀತದ ಪಾಠಪುಸ್ತಕಗಳಲ್ಲಿ ಎರಡು ಸ್ವರಲಿಪಿಗಳು ಬಳಕೆಗೆ ಬಂದವು. ಒಂದು ವಿಷ್ಣು ನಾರಾಯಣ ಭಾತಖಂಡೆಯವರದು (೧೮೬೦-೧೯೩೬), ಇನ್ನೊಂದು ವಿಷ್ಣು ದಿಗಂಬರ ಪಲುಸ್ಕರರದು (೧೮೭೨-೧೯೩೧). ಭಾತಖಂಡೆಯವರಲ್ಲಿ ತಲೆಯ ಮೇಲೆ ಚುಕ್ಕೆಯಿದ್ದರೆ ತಾರಸಪ್ತಕ, ಕಾಲ ಕೆಳಗಿದ್ದರೆ ಮಂದ್ರಸಪ್ತಕ. ಪಲುಸ್ಕರರಲ್ಲಿ ತಲೆಯ ಮೇಲಿನ ಚುಕ್ಕೆಯೇ ಮಂದ್ರ. ತಾರಕ್ಕೆ ತಲೆಯ ಮೇಲೊಂದು ನಿಲುಗೆರೆ. ಆ ನಿಲುಗೆರೆಯನ್ನು ಭಾತಖಂಡೆಯವರು ಮಧ್ಯಮದ ಮೇಲೆ ಇಟ್ಟರೆ ಅದು ತೀವ್ರ ಮಧ್ಯಮ. ಒಂದೇ ಕಾಲದ ಇಬ್ಬರು ಮಹನೀಯರು, ಒಂದೇ ಸಂಗೀತ, ಅವೇ ಚಿಹ್ನೆಗಳು, ಅರ್ಥ ಮಾತ್ರ ತಿರುವುಮುರುವು. ನಮ್ಮ ಪೇಟಿ ಮಾಸ್ತರರದು ಪಲುಸ್ಕರರ ದಾರಿ. ಆ ತರುಣನದು ಭಾತಖಂಡೆಯವರ ದಾರಿ. ನಡುವೆ ಎರಡು ಸಪ್ತಕಗಳ ಕಂದಕ. ಅದರಲ್ಲಿ ಬಿದ್ದವನು ಹಾಡುಗಾರ.

ಪಲುಸ್ಕರರು ಈ ಚಿಹ್ನೆಗಳನ್ನು ತಮ್ಮ ಮನಸ್ಸಿನಿಂದ ಹುಟ್ಟಿಸಿದವರಲ್ಲ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಸ್ವರಗಳನ್ನು ಬರೆಯುವ ಕ್ರಮವನ್ನೇ ಹೇಳಿಬಿಟ್ಟಿದ್ದಾನೆ: ಮಂದ್ರಸ್ವರಕ್ಕೆ ತಲೆಯ ಮೇಲೆ ಬಿಂದು, ತಾರಸ್ವರಕ್ಕೆ ತಲೆಯ ಮೇಲೆ ನಿಲುಗೆರೆ. ಹಾಡುವುದಕ್ಕೆ ಲಕ್ಷಣ ಬರೆದವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಲೇಖನಿ ಹಿಡಿದವನಿಗೆ ಲಕ್ಷಣ ಹೇಳಿದ್ದು ಈತನ ದೊಡ್ಡತನ. ಆ ಗ್ರಂಥಕ್ಕೆ ‘ಕಲಾನಿಧಿ’ ಎಂಬ ವ್ಯಾಖ್ಯಾನ ಬರೆದ ಚತುರ ಕಲ್ಲಿನಾಥನು ಹದಿನೈದನೆಯ ಶತಮಾನದ ವಿಜಯನಗರದವನು. ನಮ್ಮ ಜಿಲ್ಲೆಯ ಆನೆಗೊಂದಿಯ ದಡದಲ್ಲಿ ನಿಂತರೆ ಹೊಳೆಯ ಆಚೆ ಕಾಣುವ ಹಂಪೆಯೇ ಅವನ ಕಾಲದ ರಾಜಧಾನಿ. ಮುಂದೆ ೧೫೫೦ರಲ್ಲಿ ರಾಮಾಮಾತ್ಯನು ‘ಸ್ವರಮೇಳಕಲಾನಿಧಿ’ಯನ್ನು ಬರೆದದ್ದೂ ಅದೇ ರಾಜ್ಯದಲ್ಲಿ, ಅಳಿಯ ರಾಮರಾಯನ ಆಶ್ರಯದಲ್ಲಿ. ಸಂಗೀತಶಾಸ್ತ್ರವೆಂದೊಡನೆ ತಂಜಾವೂರಿನ ಕಡೆಗೇ ಮುಖಮಾಡುವ ನಾವು ತುಂಗಭದ್ರೆಯ ದಡವನ್ನು ಮರೆಯಬೇಕಾಗಿಲ್ಲ.

ಆದರೆ ನಿಯಮ ಹೇಳುವುದು ಬೇರೆ, ಅದು ಉಳಿಯುವುದು ಬೇರೆ. ‘ರತ್ನಾಕರ’ವನ್ನು ತಲೆಮಾರಿನಿಂದ ತಲೆಮಾರಿಗೆ ನಕಲು ಮಾಡಿದ ಲಿಪಿಕಾರರೆಲ್ಲ ಗಾಯಕರಾಗಿರಲಿಲ್ಲ. ನಾಗರಿಯಲ್ಲಿ ಬರೆಯುವವನಿಗೆ ‘ಮ’ದ ಮೇಲಿನ ಬಿಂದು ಮಂದ್ರವೋ ಅನುಸ್ವಾರವೋ ಎಂಬ ತೊಡಕು, ಓಲೆಗರಿಯಲ್ಲಿ ಕಂಟದಿಂದ ಕೊರೆಯುವವನಿಗೆ ಚುಕ್ಕೆ ಚುಚ್ಚಿದರೆ ಗರಿ ತೂತಾದೀತೆಂಬ ಅಂಜಿಕೆ, ಹುಳು ಕೊರೆದ ತೂತು ಚುಕ್ಕೆಯಂತೆ ಕಂಡರೆ ಓದುವವನಿಗೆ ಭ್ರಾಂತಿ. ಪದವೊಂದು ಕೆಟ್ಟರೆ ಛಂದಸ್ಸು ಹೇಳಿಕೊಡುತ್ತದೆ, ಅರ್ಥ ಹೇಳಿಕೊಡುತ್ತದೆ. ಸ್ವರವೊಂದರ ಚುಕ್ಕೆ ಬಿದ್ದುಹೋದರೆ ಹೇಳುವವರು ಯಾರು? ಪುಣೆಯ ಆನಂದಾಶ್ರಮದವರು ೧೮೯೬-೯೭ರಲ್ಲಿ ಈ ಗ್ರಂಥವನ್ನು ಕಲ್ಲಿನಾಥನ ವ್ಯಾಖ್ಯಾನದೊಡನೆ ಅಚ್ಚುಮಾಡಿದಾಗ ಈ ಚುಕ್ಕೆಗಳ ಭಾರವೆಲ್ಲ ಮೊಳೆ ಜೋಡಿಸುವವನ ಬೆರಳ ತುದಿಗೆ ಬಂದಿತು.

ಕಲ್ಲು ಓಲೆಗಿಂತ ಗಟ್ಟಿ. ಆದರೂ ಕಲ್ಲಿನ ಮೇಲಿನ ಚುಕ್ಕೆಯೂ ಒಗಟಾಗಿ ಉಳಿದದ್ದುಂಟು. ತಮಿಳುನಾಡಿನ ಪುದುಕೋಟೆಯ ಬಳಿಯ ಕುಡುಮಿಯಾನಮಲೈಯಲ್ಲಿ ಏಳನೆಯ ಶತಮಾನದ್ದೆಂದು ಹೇಳುವ ಶಾಸನವೊಂದಿದೆ. ಏಳು ಗ್ರಾಮರಾಗಗಳಿಗೆ ಏಳು ಭಾಗ. ಒಳಗೆ ಬರಿಯ ಸ್ವರಾಕ್ಷರಗಳು, ನಾಲ್ಕು ನಾಲ್ಕರ ಗುಂಪಾಗಿ. ಸ ಎಂದಷ್ಟೇ ಅಲ್ಲ. ಸಿ, ಸು, ಸೆ ಎಂದೂ ಉಂಟು. ಕೆಲವು ಅಕ್ಷರಗಳ ಮೇಲೆ ಚುಕ್ಕೆ. ಆ ಚುಕ್ಕೆ ಸ್ಥಾನವನ್ನು ಹೇಳುತ್ತದೆಯೋ, ವೀಣೆಯ ಮೀಟನ್ನು ಹೇಳುತ್ತದೆಯೋ, ಬೇರೇನನ್ನೋ ಎಂಬುದರಲ್ಲಿ ಪಂಡಿತರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ‘ಎಪಿಗ್ರಾಫಿಯಾ ಇಂಡಿಕಾ’ದ ಹನ್ನೆರಡನೆಯ ಸಂಪುಟದಲ್ಲಿ ಪಿ. ಆರ್. ಭಂಡಾರ್ಕರರು ಇದನ್ನು ಪ್ರಕಟಿಸಿದರು. ನಮ್ಮವರೇ ಆದ ಮೈಸೂರಿನ ರಾ. ಸತ್ಯನಾರಾಯಣರು ೧೯೫೭ರಲ್ಲಿ ಇದೊಂದರ ಮೇಲೆಯೇ ಪುಸ್ತಕ ಬರೆದರು. ೨೦೨೦ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳಲ್ಲಿ ಬಂದ ನಾಲ್ಕು ಸಾಲು ಅವರ ಕೆಲಸಕ್ಕೆ ಬಹಳ ಕಡಮೆಯಾಯಿತೆಂದು ನನಗನ್ನಿಸಿತು.

ಸಂಗೀತವನ್ನು ಅಚ್ಚಿಗೆ ಒಗ್ಗಿಸುವ ಕಷ್ಟ ನಮಗೊಬ್ಬರಿಗೇ ಬಂದದ್ದಲ್ಲ. ವೆನಿಸ್ ನಗರದ ಒತ್ತಾವಿಯಾನೊ ಪೆತ್ರುಚ್ಚಿ ೧೫೦೧ರಲ್ಲಿ ಬಹುಧ್ವನಿ ಗೀತಗಳ ಸಂಗ್ರಹವೊಂದನ್ನು ಮೊಳೆಗಳಿಂದ ಮುದ್ರಿಸಿದಾಗ ಒಂದೇ ಹಾಳೆಯನ್ನು ಮತ್ತೆ ಮತ್ತೆ ಅಚ್ಚಿಗೆ ಕೊಡಬೇಕಾಯಿತು: ಗೆರೆಗಳಿಗೆ ಒಮ್ಮೆ, ಸ್ವರಚಿಹ್ನೆಗಳಿಗೆ ಒಮ್ಮೆ, ನುಡಿಗೆ ಒಮ್ಮೆ. ಕೂದಲೆಳೆಯಷ್ಟು ಹಾಳೆ ಸರಿದರೂ ಸ್ವರ ಬೇರೆ ಗೆರೆಗೆ ಕೂತು ರಾಗವೇ ಕೆಡುವ ಕೆಲಸ ಅದು. ಆ ಕಾಲದ ಐರೋಪ್ಯ ಲಿಪಿಯಲ್ಲೂ ಚುಕ್ಕೆಯ ಕಾಟ ಇದ್ದೇ ಇತ್ತು. ಒಂದು ಸ್ವರಚಿಹ್ನೆಯ ಪಕ್ಕದ ಚುಕ್ಕೆ ಒಮ್ಮೆ ಆ ಸ್ವರದ ಕಾಲವನ್ನು ಅರ್ಧದಷ್ಟು ಹೆಚ್ಚಿಸುವುದು. ಇನ್ನೊಮ್ಮೆ ಏನನ್ನೂ ಹೆಚ್ಚಿಸದೆ ಇಲ್ಲಿಗೆ ಒಂದು ಗುಂಪು ಮುಗಿಯಿತೆಂದಷ್ಟೇ ಹೇಳುವುದು. ಯಾವುದು ಯಾವಾಗ ಎಂಬುದು ಸಂದರ್ಭದಿಂದ ತಿಳಿಯಬೇಕು. ನಮ್ಮ ಪೇಟಿ ಮಾಸ್ತರರ ಚುಕ್ಕೆಗೆ ಐದು ಶತಮಾನ ಹಿಂದಿನ ದಾಯಾದಿಗಳು ವೆನಿಸ್ಸಿನಲ್ಲಿದ್ದರು!

ಕನ್ನಡದ ಅಚ್ಚಿನ ಮನೆ ಬಹುಕಾಲ ಈ ಉಸಾಬರಿಗೆ ಹೋಗಲಿಲ್ಲ. ೧೮೫೦ರಲ್ಲಿ ಮಂಗಳೂರಿನಲ್ಲಿ ಮೋಗ್ಲಿಂಗ್ ಪಾದ್ರಿಯವರು ದಾಸರ ಪದಗಳನ್ನು ಅಚ್ಚಿಗೆ ತಂದರು. ಪದಗಳು ಬಂದವು, ಸ್ವರ ಬರಲಿಲ್ಲ. ಸ್ವರವನ್ನು ಮೈಯೆಲ್ಲ ಕಣ್ಣಾಗಿ ಅಚ್ಚುಮಾಡಿದ ಮಹಾಸಾಹಸ ನೆರೆಯ ಲಿಪಿಯಲ್ಲಿ ನಡೆಯಿತು. ಎಟ್ಟಯಪುರದಲ್ಲಿ ಸುಬ್ಬರಾಮ ದೀಕ್ಷಿತರು ೧೯೦೪ರಲ್ಲಿ ತೆಲುಗು ಲಿಪಿಯಲ್ಲಿ ಹೊರತಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಸ್ವರಾಕ್ಷರದ ಮೇಲೆ ಗಮಕಕ್ಕೊಂದೊಂದು ಚಿಹ್ನೆ: ಕಂಪಿತಕ್ಕೊಂದು, ಜಾರಿಗೊಂದು, ನೊಕ್ಕಿಗೊಂದು. ಐರೋಪ್ಯ ಸ್ವರಲಿಪಿಯಲ್ಲಿ ನಮ್ಮ ಕೃತಿಗಳನ್ನು ಮುದ್ರಿಸಲು ಜೀವ ತೇಯ್ದ ಚಿನ್ನಸ್ವಾಮಿ ಮೊದಲಿಯಾರರ ಒತ್ತಾಸೆ ದೀಕ್ಷಿತರ ಬೆನ್ನಿಗಿತ್ತು. ಅದೇ ವರ್ಷ ದಕ್ಷಿಣಯಾತ್ರೆಗೆ ಬಂದ ಭಾತಖಂಡೆಯವರು ಎಟ್ಟಯಪುರಕ್ಕೆ ಹೋಗಿ ದೀಕ್ಷಿತರನ್ನು ಕಂಡರು. ಪಲುಸ್ಕರರಾದರೋ ೧೯೦೧ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದವರು, ತಮ್ಮ ಪುಸ್ತಕಗಳಿಗಾಗಿ ತಮ್ಮದೇ ಮುದ್ರಣಾಲಯವನ್ನೂ ಹೂಡಿದವರು. ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣು ಮಂದವಾಗಿದ್ದ ಮನುಷ್ಯ ಇಷ್ಟು ಸಣ್ಣ ಚುಕ್ಕೆಗಳ ಲಿಪಿಗೆ ಹೆಣಗಿದರೆಂಬುದನ್ನು ನೆನೆದಾಗ, ಒಳ್ಳೆಯ ಕಣ್ಣಿದ್ದೂ ಕರಡು ಕೆಡಿಸಿದ ನನಗೆ ನಾಚಿಕೆಯಾಗುತ್ತದೆ.

ಇನ್ನು ಈ ಕಾಲದ ಮಾತು. ಮೊಳೆಗಳು ಹೋಗಿ ಗಣಕ ಬಂದಿತು. ಚುಕ್ಕೆಗೆ ಸುಖ ಬರಲಿಲ್ಲ. ಯೂನಿಕೋಡಿನ ಕನ್ನಡ ಅಕ್ಷರಮಾಲೆಯಲ್ಲಿ ಸಪ್ತಕದ ಚುಕ್ಕೆಗೆಂದು ಪ್ರತ್ಯೇಕ ಸ್ಥಾನವಿಲ್ಲ. ಬೇರೆ ಲಿಪಿಗಳಿಗೂ ಸಾಮಾನ್ಯವಾದ ಚುಕ್ಕೆಯನ್ನು ತಂದು ಕೂಡಿಸಬೇಕು. ಕೂಡಿಸಿದರೆ ಅಕ್ಷರವಿನ್ಯಾಸ ಒಪ್ಪಬೇಕು. ಒಪ್ಪದಿದ್ದರೆ ಸ್ವರದ ಪಕ್ಕದಲ್ಲಿ ಚುಕ್ಕೆಚುಕ್ಕೆಯ ಉಂಗುರವೊಂದು ಅನಾಥವಾಗಿ ನಿಲ್ಲುತ್ತದೆ. ‘ರಿ’, ‘ನಿ’ಗಳಿಗೆ ಗುಡಿಸು ಬೇರೆ ಇರುವುದರಿಂದ ಚುಕ್ಕೆಗೆ ತಲೆಯ ಮೇಲೆ ಜಾಗವೂ ಕಡಮೆ.

ಇದಕ್ಕೆ ಪರಿಹಾರ ಹುಡುಕುತ್ತ ಹೋದಾಗ ನನಗೆ ದೊರೆತದ್ದು ಲಿಲಿಪಾಂಡ್ ಎಂಬ ತಂತ್ರಾಂಶ. ಡೊನಾಲ್ಡ್ ಕ್ನೂತ್ ಎಂಬ ಅಮೆರಿಕದ ಪಂಡಿತರು ೧೯೭೮ರಲ್ಲಿ ಗಣಿತದ ಪುಸ್ತಕಗಳನ್ನು ಅಂದವಾಗಿ ಅಚ್ಚುಮಾಡಲೆಂದು ‘ಟೆಕ್’ ಎಂಬುದನ್ನು ರಚಿಸಿದ್ದರು. ಪುಟವನ್ನು ಚಿತ್ರದಂತೆ ಬಿಡಿಸದೆ, ಏನು ಬೇಕೆಂಬುದನ್ನು ಬರಿಯ ಅಕ್ಷರಗಳಲ್ಲಿ ಬರೆದುಕೊಟ್ಟರೆ ಯಂತ್ರವೇ ಪುಟ ಕಟ್ಟುವ ಪದ್ಧತಿ ಅದು. ೧೯೯೬ರಲ್ಲಿ ಹಾನ್-ವೆನ್ ನೀನ್‌ಹೂಯ್ಸ್, ಯಾನ್ ನ್ಯೂವನ್‌ಹೌಜನ್ ಎಂಬ ಇಬ್ಬರು ಡಚ್ಚರು ಅದೇ ದಾರಿಯನ್ನು ಸಂಗೀತಕ್ಕೆ ಹಿಡಿದರು. ಲೋಹದ ಫಲಕದ ಮೇಲೆ ಕೈಯಿಂದ ಕೊರೆದು ಮುದ್ರಿಸುತ್ತಿದ್ದ ಹಳೆಯ ಸ್ವರಪುಸ್ತಕಗಳ ಅಂದವೇ ಅವರ ಗುರಿ. ತಂತ್ರಾಂಶಕ್ಕೆ ಬೆಲೆಯಿಲ್ಲ, ಯಾರೂ ಪಡೆಯಬಹುದು, ತಿದ್ದಬಹುದು.

ಅದರಲ್ಲಿ ಬರೆಯುವ ಕ್ರಮ ಕಂಡಾಗ ನನಗೆ ನಗು ಬಂತು. ಐರೋಪ್ಯರ ಐದು ಗೆರೆಗಳ ಲಿಪಿಯನ್ನು ಪಡೆಯಲು ಮಾಡಬೇಕಾದುದೇನು? ಸ್ವರಗಳನ್ನು ಅಕ್ಷರಗಳಲ್ಲಿ ಸಾಲಾಗಿ ಬರೆಯುವುದು! ಕುಡುಮಿಯಾನಮಲೈಯ ಶಿಲ್ಪಿ ಮಾಡಿದ್ದೂ ಅದನ್ನೇ, ನಮ್ಮ ಪೇಟಿ ಮಾಸ್ತರರು ಮಾಡಿದ್ದೂ ಅದನ್ನೇ. ಅಕ್ಷರದ ಮುಂದೆ ಮೇಲ್ಕೊಕ್ಕೆಯಿಟ್ಟರೆ ಸಪ್ತಕ ಮೇಲಕ್ಕೆ, ಅಲ್ಪವಿರಾಮವಿಟ್ಟರೆ ಕೆಳಕ್ಕೆ. ಕರ್ನಾಟಕ ಸಂಗೀತದ ಪುಸ್ತಕ ಓದಿದವರು ಇಲ್ಲಿ ಎಚ್ಚರವಾಗಿರಬೇಕು: ಅಲ್ಲಿ ಅಲ್ಪವಿರಾಮವೆಂದರೆ ಒಂದು ಅಕ್ಷರಕಾಲದ ಎಳೆತ. ಚಿಹ್ನೆಗಳ ಜಗಳ ಮುಗಿಯುವಂಥದಲ್ಲ.

ಆದರೆ ಒಂದು ಮುಖ್ಯ ವ್ಯತ್ಯಾಸವುಂಟು. ಇಲ್ಲಿ ಬರೆಯುವುದು ಚಿಹ್ನೆಯನ್ನಲ್ಲ, ಅರ್ಥವನ್ನು. ‘ಮಂದ್ರ ನಿಷಾದ’ ಎಂಬ ಅಭಿಪ್ರಾಯ ಕಡತದಲ್ಲಿ ಒಮ್ಮೆ ದಾಖಲಾದರೆ ಸಾಕು. ಅದು ಕಾಗದದ ಮೇಲೆ ಯಾವ ವೇಷದಲ್ಲಿ ಬರಬೇಕೆಂಬುದನ್ನು ಬೇರೆಯಾಗಿ ಹೇಳಬಹುದು. ಐರೋಪ್ಯರ ಪ್ರಾಚೀನ ಸಂಗೀತವನ್ನು ಪರಿಷ್ಕರಿಸುವವರು ಇದನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ಇಗರ್ಜಿಯ ಹಳೆಯ ಗಾನವನ್ನು ನಾಲ್ಕು ಗೆರೆಗಳ ಮೇಲೆ ಚೌಕ ಚಿಹ್ನೆಗಳಲ್ಲಿ ಬಿಡಿಸಲೂ, ಪೆತ್ರುಚ್ಚಿಯ ಕಾಲದ ವಜ್ರಾಕೃತಿಯ ಸ್ವರಗಳನ್ನು ಮೂಡಿಸಲೂ ಅದರಲ್ಲಿ ಅನುಕೂಲಗಳಿವೆ. ಅದನ್ನೇ ಇಂದಿನವರು ಓದುವ ಆಕಾರದಲ್ಲಿಯೂ ತೆಗೆಯಬಹುದು. ನಮ್ಮ ಸರಿಗಮದ ಅಕ್ಷರಲಿಪಿ ಅದರಲ್ಲಿ ಸಿದ್ಧವಾಗಿ ದೊರೆಯುವುದಿಲ್ಲ. ಹೇಳಿಕೊಡಬೇಕು, ಸ್ವಲ್ಪ ತಲೆ ಕೆಡಿಸಿಕೊಳ್ಳಬೇಕು. ದೀಕ್ಷಿತರ ಗಮಕಗಳಿಗಂತೂ ಇನ್ನೂ ಹೆಚ್ಚಿನ ದುಡಿಮೆ ಬೇಕು. ಕನ್ನಡದ ನುಡಿ ಮಾತ್ರ ಸ್ವರದ ಕೆಳಗೆ ಒತ್ತು, ದೀರ್ಘಗಳೊಡನೆ ಸೊಗಸಾಗಿ ಬರುತ್ತದೆ. ಒಂದೇ ಕಡತದಿಂದ ಭಾತಖಂಡೆಯವರ ಮಾರ್ಗದವರಿಗೊಂದು ಪ್ರತಿ, ಪಲುಸ್ಕರರ ಮಾರ್ಗದವರಿಗೊಂದು ಪ್ರತಿ ತೆಗೆಯಬಹುದೆಂದಾದರೆ, ಆ ತರುಣನ ಧ್ವನಿ ಒಡೆಯಬೇಕಾಗಿರಲಿಲ್ಲ.

ಇದರಲ್ಲೊಂದು ಅಪಾಯವೂ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಮೊಳೆ ಜೋಡಿಸುವವನು ಅರ್ಥ ತಿಳಿಯದಿದ್ದರೂ ಚುಕ್ಕೆಯನ್ನು ಚುಕ್ಕೆಯಾಗಿಯೇ ದಾಟಿಸಬಲ್ಲ. ಅರ್ಥವನ್ನೇ ಬರೆಯಬೇಕೆಂದಾಗ ಬರೆಯುವವನು ತೀರ್ಮಾನಿಸಲೇಬೇಕು. ಶಾಸನದ ಆ ಚುಕ್ಕೆಗಳನ್ನು ಯಾರಾದರೂ ಹೀಗೆ ಬರೆಯಹೊರಟರೆ, ಪಂಡಿತರಿಗೆ ಬಗೆಹರಿಯದಿದ್ದುದು ಅಚ್ಚಿನ ಪುಟದಲ್ಲಿ ಸಲೀಸಾಗಿ ಬಗೆಹರಿದುಬಿಟ್ಟಂತೆ ಕಂಡೀತು. ಅಚ್ಚಾದದ್ದಕ್ಕೆ ನಮ್ಮವರು ಕೊಡುವ ಗೌರವ ಬಲ್ಲವರಿಗೆ ಇದು ಎಂಥ ಮೋಸವೆಂದು ತಿಳಿಸಿ ಹೇಳಬೇಕಾಗಿಲ್ಲ. ಪುಣ್ಯಕ್ಕೆ ಕಡತದಲ್ಲಿ ಒಂದು ಕಿಂಡಿ ಉಂಟು. ಶೇಕಡಾ ಚಿಹ್ನೆಯೊಂದನ್ನು ಇಟ್ಟು ಅದರ ಮುಂದೆ ಏನು ಬರೆದರೂ ಯಂತ್ರ ಅದನ್ನು ಓದುವುದಿಲ್ಲ, ಅಚ್ಚಿಗೂ ತರುವುದಿಲ್ಲ. ಮುಂದೆ ಕಡತ ತೆರೆದ ಮನುಷ್ಯನಿಗೆ ಮಾತ್ರ ಅದು ಕಾಣುತ್ತದೆ. ಮೂಲದ ಪಕ್ಕದಲ್ಲಿ ಕಲ್ಲಿನಾಥನು ಕುಳಿತುಕೊಳ್ಳುವ ಜಾಗ ಅದು.

ಈಗ ರಜೆಯ ದಿನಗಳಲ್ಲಿ ಪೇಟಿ ಮಾಸ್ತರರ ನೋಟುಪುಸ್ತಕವನ್ನು ಮತ್ತೆ ಮೊದಲಿನಿಂದ ಹೀಗೆ ಬರೆಯುತ್ತಿದ್ದೇನೆ. ಹಳೆಯ ತಪ್ಪಿಗೆ ದಂಡ. ಆ ಅಜ್ಜಿ ಹಾಡಿ ತೋರಿಸಿದಲ್ಲಿ ತೊಂದರೆಯಿಲ್ಲ. ಚುಕ್ಕೆಗೂ ಅವರ ಕಂಠಕ್ಕೂ ಹೊಂದಿಕೆಯಾಗುತ್ತದೆ. ಒಂದು ಹಾಡು ಮಾತ್ರ ಅವರಿಗೂ ನೆನಪಿಲ್ಲ. ಅದರ ಮೂರನೆಯ ಸಾಲಿನಲ್ಲಿ ಗಾಂಧಾರದ ತಲೆಯ ಮೇಲೊಂದು ಚುಕ್ಕೆಯಿದೆ. ಮಂದ್ರವೆಂದರೆ ಹಿಂದುಮುಂದಿನ ಸ್ವರಗಳಿಂದ ಬಹಳ ದೂರ. ತಾರವೆನ್ನಲು ಮಾಸ್ತರರ ಪದ್ಧತಿ ಅದಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಮಸಿಯ ಹನಿಯೋ, ಮಾಸ್ತರರು ಬೇಕೆಂದೇ ಇಟ್ಟದ್ದೋ ಗೊತ್ತಾಗಲಿಲ್ಲ. ಕಡತದಲ್ಲಿ ಅದನ್ನು ಮಧ್ಯಸಪ್ತಕದ ಗಾಂಧಾರವೆಂದೇ ಬರೆದು, ಮುಂದೆ ಶೇಕಡಾ ಚಿಹ್ನೆಯಿಟ್ಟು, “ಮೂಲದಲ್ಲಿ ಇದರ ಮೇಲೆ ಚುಕ್ಕೆಯಿದೆ” ಎಂದು ಸೇರಿಸಿದ್ದೇನೆ.